ಈಜು ಬಾರದ ವರ್ನೀಸ್

ವರ್ನೀಸ್ ಟಾಲಿವರ್ ಹದಿನಾರು ವರ್ಷ ಮಿಸಿಸಿಪ್ಪಿ ನದಿಯ ಮೇಲೆ ಕೆಲಸ ಮಾಡಿದ್ದಳು. ಆ ಹದಿನಾರು ವರ್ಷಗಳಲ್ಲಿ ಒಂದು ದಿನವೂ ಹಡಗಿನ ಅಂಚಿನ ಕಂಬಿಯ ಹತ್ತಿರ ಹೋಗಿ ನಿಂತವಳಲ್ಲ. ಮೆಂಫಿಸ್ ನೋಡಲು ಬಂದ ಪರ ಊರಿನವರನ್ನು ಮಧ್ಯಾಹ್ನದ ಹೊತ್ತು ಒಂದೂವರೆ ಗಂಟೆ ನದಿಯಲ್ಲಿ ಸುತ್ತಾಡಿಸಿ ತರುವ ‘ಮಿಸ್ ಕಾರ್ಡೇಲಿಯಾ’ ಎಂಬ ಬಿಳಿ ಹಡಗಿನಲ್ಲಿ ಮೈಕು ಹಿಡಿದು ಊರು ತೋರಿಸುವುದು ಅವಳ ಕೆಲಸ. ಎರಡನೆಯ ಅಂತಸ್ತಿನ ನಟ್ಟನಡುವೆ, ಮೇಲೆ ಹೋಗುವ ಮೆಟ್ಟಿಲಿನ ಕಬ್ಬಿಣದ ಕಂಬಕ್ಕೆ ಬೆನ್ನು ಒತ್ತಿ ನಿಂತರೆ ಹಡಗು ಮತ್ತೆ ದಡಕ್ಕೆ ಬರುವವರೆಗೆ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. ಜನ ನದಿ ನೋಡುತ್ತಿದ್ದರು, ಅವಳು ಜನರ ಮುಖ ನೋಡುತ್ತಿದ್ದಳು. ಬಲಗಡೆಯ ಬೆಂಚಿನವರು ಕಣ್ಣರಳಿಸಿದರೆ ಅರ್ಕಾನ್ಸಾಸ್ ಕಡೆಯಿಂದ ಸರಕು ದೋಣಿಗಳ ಸಾಲು ಬರುತ್ತಿದೆ ಎಂದು ತಿಳಿಯುತ್ತಿತ್ತು. ಎಲ್ಲರೂ ತಲೆ ಎತ್ತಿದರೆ ದೊಡ್ಡ ಸೇತುವೆಯ ಕೆಳಗೆ ಬಂದದ್ದಾಯಿತು ಎಂದರ್ಥ. ನೀರು ನೋಡದೆಯೇ ನೀರಿನ ಮೇಲಿನ ದಾರಿಯನ್ನೆಲ್ಲ ಅವಳು ಬಾಯಿಪಾಠ ಮಾಡಿಕೊಂಡಿದ್ದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೆಂಚುಗಳ ಕೆಳಗಿನ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು, ಒಳಗಿದ್ದ ಕಿತ್ತಳೆ ಬಣ್ಣದ ತೇಲುಜಾಕೆಟುಗಳನ್ನು ಕೈಯಿಂದ ಮುಟ್ಟಿ ನೋಡುವುದು ಅವಳ ರೂಢಿ. ಇಂಜಿನ್ ನೋಡಿಕೊಳ್ಳುವ ಮುದುಕ ಅಲಾಂಜೊ ಬ್ಯಾಟಲ್‌ಗೆ ಇದು ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಹೇಳಿರಲಿಲ್ಲ. ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, ಆ ಕಂಬಕ್ಕೂ ಅವಳಿಗೂ ಪಾದ್ರಿ ಯಾವತ್ತು ಮದುವೆ ಮಾಡಿಸಿದ್ದು ಎಂದು ಆಗಾಗ ಕಾಲೆಳೆಯುತ್ತಿದ್ದ, ಅಷ್ಟೆ.

ಅವಳ ಭಯಕ್ಕೆ ಒಂದು ತಾರೀಖಿತ್ತು. ಅರವತ್ಮೂರನೆಯ ಇಸವಿಯ ಬೇಸಿಗೆಯಲ್ಲಿ, ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಒಂದೇ ನೀರಿಗೆ ಬಿಡಬೇಕಾಗುತ್ತದೆ ಎಂದಾದಾಗ ಮೆಂಫಿಸ್ ನಗರದವರು ಈಜುಕೊಳಗಳಿಗೆಲ್ಲ ಬೀಗ ಜಡಿದುಬಿಟ್ಟರು. ಸುಡುಬಿಸಿಲು. ಉತ್ತರ ಮೆಂಫಿಸ್‌ನ ಕಪ್ಪು ಹುಡುಗರು ವುಲ್ಫ್ ನದಿಯ ಮಣ್ಣು ದಡ ಹುಡುಕಿಕೊಂಡು ಹೋದರು. ವರ್ನೀಸ್‌ಗೆ ಆಗ ಹನ್ನೊಂದು, ಅವಳ ಅಣ್ಣ ಜೂನಿಯಸ್‌ಗೆ ಹದಿಮೂರು. ಅವನ ಅಂಗಿ ಮತ್ತು ಬೂಟು ಹಿಡಿದುಕೊಂಡು ಅವಳು ವಿಲೋ ಮರದ ಕೆಳಗೆ ನಿಂತಿದ್ದಳು. ಸಂಜೆ ಮನೆಗೆ ಬಂದಾಗ ಅಂಗಿಯೂ ಬೂಟೂ ಅವಳ ಕೈಯಲ್ಲೇ ಇದ್ದವು. ಅಣ್ಣನ ಶವ ಸಿಕ್ಕಿದ್ದು ಮೂರನೆಯ ದಿನ.

ಅಂದಿನಿಂದ ಅವರಮ್ಮ ಓಲಾ ಮೇ ಮನೆಯಲ್ಲಿ ನೀರಿಗೊಂದು ಕಾಯಿದೆ ಮಾಡಿದಳು. ಸ್ನಾನದ ತೊಟ್ಟಿಯಲ್ಲಿ ಪಾದ ಮುಳುಗುವಷ್ಟು ನೀರು, ಹೆಚ್ಚಿಲ್ಲ. ಸ್ನಾನ ಮಾಡುವಾಗ ಬಾಗಿಲ ಅಗುಳಿ ಹಾಕುವಂತಿಲ್ಲ. ತಲೆ ತೊಳೆಯುವುದು ಅಡುಗೆಮನೆಯಲ್ಲಿ, ಮುಖ ಮೇಲೆ ಮಾಡಿ, ಅಮ್ಮನ ಕೈಯಿಂದಲೇ. ನದಿಯಾಚೆ ವೆಸ್ಟ್ ಮೆಂಫಿಸ್‌ನಲ್ಲಿದ್ದ ತಂಗಿಯ ಮನೆಗೆ ಬಸ್ಸಿನಲ್ಲಿ ಹೋಗುವಾಗ ಓಲಾ ಮೇ ಸೇತುವೆ ಶುರುವಾಗುತ್ತಲೇ ಕಣ್ಣು ಮುಚ್ಚಿ ಮಗಳ ಕಣ್ಣನ್ನೂ ಅಂಗೈಯಿಂದ ಮುಚ್ಚುತ್ತಿದ್ದಳು. ವರ್ನೀಸ್ ಬೆಳೆದು, ಮದುವೆಯಾಗಿ, ಗಂಡನನ್ನು ಬಿಟ್ಟು ತಾಯಿಯ ಮನೆಗೆ ಮರಳಿದ ಮೇಲೂ ಆ ಕಾಯಿದೆ ಬದಲಾಗಲಿಲ್ಲ. ಜೂನಿಯಸ್‌ನ ಮಾತು ಮಾತ್ರ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಇಂಥವಳು ಹಡಗು ಹತ್ತಿದ್ದು ಹೊಟ್ಟೆಪಾಡಿಗೆ. ಹಾಸಿಗೆ ಕಾರ್ಖಾನೆ ಮುಚ್ಚಿತು. ಕಲ್ಲು ಹಾಸಿದ ನದಿದಡದಲ್ಲಿ ಟಿಕೆಟ್ ಕೊಡುವ ಗೂಡಿನಲ್ಲಿ ಕೆಲಸ ಖಾಲಿ ಇದೆಯೆಂದು ಯಾರೋ ಹೇಳಿದರು. ಅರ್ಜಿಯಲ್ಲಿ ‘ಈಜು ಬರುತ್ತದೆಯೇ’ ಎಂದು ಕೇಳಿತ್ತು. ದಡದ ಮೇಲೆ ಕೂರುವವಳಿಗೆ ಅದೆಲ್ಲ ಏಕೆ ಎಂದುಕೊಂಡು ‘ಹೌದು’ ಎಂದು ಬರೆದಳು. ಎರಡು ತಿಂಗಳಾಗುವಷ್ಟರಲ್ಲಿ ಮೈಕು ಹಿಡಿಯುತ್ತಿದ್ದವನು ಬಿಟ್ಟು ಹೋದ. ಚರ್ಚಿನಲ್ಲಿ ಭಾನುವಾರದ ಪ್ರಕಟಣೆ ಓದುವ ವರ್ನೀಸ್‌ಳ ತುಂಬುಕಂಠವನ್ನು ಕ್ಯಾಪ್ಟನ್ ಡಬ್ ಹಾರ್ಗಿಸ್ ಒಮ್ಮೆ ಕೇಳಿದ್ದ. ಒಂದು ವಾರದ ಮಟ್ಟಿಗೆ ಹಡಗು ಹತ್ತು ಎಂದ. ಆ ವಾರ ಹದಿನಾರು ವರ್ಷವಾಯಿತು.

ಮನೆಯಲ್ಲಿ ಮಾತ್ರ ಅವಳು ಇನ್ನೂ ಟಿಕೆಟ್ ಗೂಡಿನಲ್ಲೇ ಇದ್ದಳು. ದಿನ ಹೇಗಿತ್ತೆಂದು ತಾಯಿ ಕೇಳಿದರೆ, ಗೂಡಿನ ಫ್ಯಾನು ಕೆಟ್ಟಿದೆ, ಟೆಕ್ಸಸ್‌ನವರು ಜಗಳ ತೆಗೆದರು ಎಂದೆಲ್ಲ ಕತೆ ಕಟ್ಟುತ್ತಿದ್ದಳು. ಇಡೀ ಚರ್ಚಿಗೆ ನಿಜ ಗೊತ್ತಿತ್ತು. ಓಲಾ ಮೇಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೆಲಸದಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಯಾವ ಬೀದಿಯ ಹಂದಿಪಕ್ಕೆಲುಬಿಗೆ ಒಣಮಸಾಲೆ ಸವರುತ್ತಾರೆ, ಯಾವುದಕ್ಕೆ ಗೊಜ್ಜು ಸುರಿಯುತ್ತಾರೆ, ಬೀಲ್ ಸ್ಟ್ರೀಟಿನಲ್ಲಿ ಹಾಡು ಕೇಳಲು ಹೋಗುವವರು ಬೂಟು ಎಂಥದ್ದು ಹಾಕಬೇಕು, ಬೆಕ್ಕುಮೀನು ಎಲ್ಲಿ ತಿನ್ನಬೇಕು, ಎಲ್ಲಿ ತಿನ್ನಲೇಬಾರದು, ಎಲ್ಲ ಹೇಳುತ್ತಿದ್ದಳು. ನದಿಯಂಚಿನ ಎತ್ತರದ ದಿಬ್ಬದ ಮೇಲಿನ ಹಳೆಯ ಹತ್ತಿ ವ್ಯಾಪಾರಿಗಳ ಕಟ್ಟಡ ತೋರಿಸಿ ಹತ್ತಿ ಹೊತ್ತವರ ಬೆನ್ನಿನ ಬಗ್ಗೆ ಮಾತಾಡುತ್ತಿದ್ದಳು. ಕೊನೆಗೆ ಹಡಗು ಟಾಮ್ ಲೀ ಪಾರ್ಕಿನ ಎದುರು ಬಂದು ತಿರುಗುವಾಗ, ಇಪ್ಪತ್ತೈದನೆಯ ಇಸವಿಯಲ್ಲಿ ಇಲ್ಲೇ ಕೆಳಗೆ ಹಡಗೊಂದು ಮಗುಚಿದ್ದನ್ನೂ, ಒಬ್ಬ ಕಪ್ಪು ಕೂಲಿಯವನು ಸಣ್ಣ ದೋಣಿಯಲ್ಲಿ ಮೂವತ್ತೆರಡು ಜನರನ್ನು ಎತ್ತಿ ಉಳಿಸಿದ್ದನ್ನೂ ಹೇಳಿ, ಆ ಟಾಮ್ ಲೀಗೆ ಈಜು ಬರುತ್ತಿರಲಿಲ್ಲ ಎಂದು ಮುಗಿಸುತ್ತಿದ್ದಳು. ಜನ ‘ಅಯ್ಯೋ’ ಎನ್ನುತ್ತಿದ್ದರು. ಆ ಮಾತು ಹೇಳುವಾಗೆಲ್ಲ ಅವಳ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು.

ತೊಂಬತ್ತೇಳರ ವಸಂತದಲ್ಲಿ ಒಹಾಯೊ ಕಡೆ ಸುರಿದ ಮಳೆಯೆಲ್ಲ ಮೆಂಫಿಸ್‌ಗೆ ಇಳಿದು ಬಂತು. ನದಿ ದಿನೇ ದಿನೇ ಏರಿ ದಡದ ಕಲ್ಲುಗಳನ್ನು ಒಂದೊಂದು ಸಾಲಾಗಿ ನುಂಗಿತು. ಅರ್ಕಾನ್ಸಾಸ್ ದಡ ಎಲ್ಲಿ ಶುರುವಾಗುತ್ತದೆಂದೇ ತಿಳಿಯುತ್ತಿರಲಿಲ್ಲ. ಹೊಲ, ರಸ್ತೆ, ಮರಗಳ ಸೊಂಟ ಎಲ್ಲ ಒಂದೇ ಕಂದು ನೀರು. ಬೇರುಸಹಿತ ಕಿತ್ತು ಬಂದ ಮರಗಳು ಮುಳುಗುತ್ತಾ ಏಳುತ್ತಾ ನಡುಹರಿವಿನಲ್ಲಿ ಸಾಗುತ್ತಿದ್ದವು. ಹತ್ತು ದಿನ ಹಡಗು ಕಟ್ಟಿ ಹಾಕಿದರು. ಹನ್ನೊಂದನೆಯ ದಿನ ನೀರು ಒಂದು ಅಡಿ ಇಳಿಯಿತೆಂದು ಮಾಲೀಕರು ಬಿಡಲು ಹೇಳಿದರು.

ಆ ಬೆಳಿಗ್ಗೆ ವರ್ನೀಸ್ ಹಾಸಿಗೆಯಲ್ಲಿ ಕೂತು, ಮೈ ಸರಿಯಿಲ್ಲವೆಂದು ಫೋನ್ ಮಾಡಿಬಿಡಲೇ ಎಂದು ಬಹಳ ಹೊತ್ತು ಯೋಚಿಸಿದಳು. ಓಲಾ ಮೇ ಅಡುಗೆಮನೆಯಿಂದ, ಗೂಡಿನ ಹತ್ತಿರ ನೀರು ಬಂದರೆ ಟಿಕೆಟ್ ಬಿಸಾಕಿ ಓಡಿ ಬಾ ಎಂದಳು. ಆಗಲಿ ಮಮ್ಮ ಎಂದು ವರ್ನೀಸ್ ಬೂಟು ಹಾಕಿಕೊಂಡಳು.

ಅಂದು ಎಂಬತ್ತು ಜನ ಬಂದಿದ್ದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಬ್ರೌನ್ಸ್‌ವಿಲ್ ಊರಿನ ಒಂದು ಚರ್ಚಿನ ಸೇವಾಮಂಡಳಿಯ ಹೆಂಗಸರು. ಎಲ್ಲರೂ ಬಿಳಿ ಉಡುಪು, ಬಿಳಿ ಟೊಪ್ಪಿಗೆ, ಬಿಳಿ ಕೈಗವಸು, ಎಲ್ಲರೂ ಅರವತ್ತು ದಾಟಿದವರು. ಅವರ ಮುಂದಾಳು ಐಜೋರಾ ಪೀಬಲ್ಸ್, ಎಂಬತ್ತರ ಹತ್ತಿರದ ದಪ್ಪ ಹೆಂಗಸು, ಎರಡನೆಯ ಅಂತಸ್ತಿನಲ್ಲಿ ಎಡಗಡೆಯ ಕಂಬಿಗೆ ಅಂಟಿದ ಬೆಂಚನ್ನೇ ಆರಿಸಿಕೊಂಡು, ದುಡ್ಡು ಕೊಟ್ಟಿದ್ದು ನದಿ ನೋಡೋಕೆ ಎಂದು ಕೂತಳು.

ಕ್ಯಾಪ್ಟನ್ ಹಾರ್ಗಿಸ್ ಹಡಗನ್ನು ಮೊದಲು ಹರಿವಿಗೆ ಎದುರಾಗಿ ಏರಿಸಿ, ದೊಡ್ಡ ಸೇತುವೆಯ ಕೆಳಗೆ ಹಾಯಿಸಿ ಮೆಲ್ಲಗೆ ಇಳಿಸಿಕೊಂಡು ಬಂದ. ವರ್ನೀಸ್ ಕಂಬಕ್ಕೆ ಬೆನ್ನು ಕೊಟ್ಟು ಮಾತಾಡುತ್ತಿದ್ದಳು. ನೆಲದ ಹಲಗೆ ಎಂದಿನಂತೆ ನಡುಗುತ್ತಿರಲಿಲ್ಲ, ಬಲವಾಗಿ ಅದುರುತ್ತಿತ್ತು. ಟಾಮ್ ಲೀ ಪಾರ್ಕಿನ ಎದುರು ಹಡಗು ತಿರುಗತೊಡಗಿತು. ಅವಳು ಮೂವತ್ತೆರಡು ಜನ ಎನ್ನುವಷ್ಟರಲ್ಲಿ ತಳದಲ್ಲಿ ಏನೋ ಬಡಿಯಿತು. ದೊಡ್ಡ ಸದ್ದಲ್ಲ. ಬಾಗಿಲು ಹಾಕಿದಂಥ ಸದ್ದು. ಆಮೇಲೆ ಕೆಳಗಿನಿಂದ ಮರ ಅರೆಯುವ ಶಬ್ದ ಬಂತು, ಆಮೇಲೆ ಏನೂ ಬರಲಿಲ್ಲ. ಹದಿನಾರು ವರ್ಷ ಅವಳ ಅಂಗಾಲಿಗೆ ಅಭ್ಯಾಸವಾಗಿದ್ದ ಇಂಜಿನ್ನಿನ ಗುಡುಗುಡು ನಿಂತುಹೋಗಿತ್ತು.

ಮುಳುಗಿ ಬಂದ ಮರವೊಂದು ಚುಕ್ಕಾಣಿಗೂ ಹಡಗನ್ನು ತಳ್ಳುವ ತಿರುಗುಚಕ್ರಕ್ಕೂ ಸಿಕ್ಕಿಕೊಂಡಿತ್ತು. ಹಡಗು ಅಡ್ಡಕ್ಕೆ ತಿರುಗಿ, ಎಡಮೈ ಮುಂದು ಮಾಡಿಕೊಂಡು ಹರಿವಿನ ಜೊತೆ ಹೊರಟಿತು. ಕೆಳಗೆ ಒಂದು ಮೈಲಿಯಷ್ಟು ದೂರದಲ್ಲಿ ಮೂರು ಹಳೆಯ ಸೇತುವೆಗಳು ಒತ್ತೊತ್ತಾಗಿ ನಿಂತಿದ್ದವು. ಅವುಗಳ ಕಲ್ಲುಕಂಬಗಳಿಗೆ ನೀರು ಬಡಿದು ಬೆಳ್ಳಗೆ ಏಳುವುದು ಇಲ್ಲಿಂದಲೇ ಕಾಣುತ್ತಿತ್ತು. ತುಂಬುಹೊಳೆಯಲ್ಲಿ ಆ ಕಂಬಗಳಿಗೆ ಬಡಿದ ಸರಕು ದೋಣಿಗಳು ಕಾಗದದಂತೆ ಮಡಚಿಕೊಂಡ ಸಂಗತಿ ವರ್ನೀಸ್‌ಗೆ ಗೊತ್ತಿತ್ತು. ಜನರಿಗೆ ಗೊತ್ತಿರಲಿಲ್ಲ. ಅವರಲ್ಲಿ ಕೆಲವರು ಇನ್ನೂ ಫೋಟೊ ತೆಗೆಯುತ್ತಿದ್ದರು.

ಕ್ಯಾಪ್ಟನ್ನನ ಕೋಣೆಯಿಂದ ಅವಳ ಕಿವಿಯ ಪಕ್ಕದ ಕೊಳವೆಯಲ್ಲಿ ಅವನ ದನಿ ಬಂತು. “ವರ್ನೀಸ್, ಜಾಕೆಟ್ ಹಾಕ್ಸು ಎಲ್ರಿಗೂ. ಮೆಲ್ಲಗೆ. ಮಾತು ಮಾತ್ರ ನಿಲ್ಲಿಸ್ಬೇಡ. ಏನಾದ್ರೂ ಹೇಳ್ತಾನೇ ಇರು. ನಿನ್ನ ದನಿ ನಿಂತ್ರೆ ಎಲ್ರೂ ಒಂದೇ ಕಡೆಗೆ ಓಡ್ತಾರೆ, ಹಡಗು ವಾಲತ್ತೆ.”

ಅವಳ ಕೈಯಲ್ಲಿದ್ದ ಮೈಕು ಯಾರದೋ ಕೈಯಲ್ಲಿರುವಂತಿತ್ತು. ಆದರೂ ಬಾಯಿ ತೆರೆದಾಗ ಭಾನುವಾರದ ಪ್ರಕಟಣೆಯ ದನಿಯೇ ಹೊರಟಿತು. ಇಂಜಿನ್ನಿಗೆ ಸ್ವಲ್ಪ ತೊಂದರೆಯಾಗಿದೆ, ಬೆಂಚಿನ ಕೆಳಗೆ ಜಾಕೆಟ್ ಇದೆ, ಪಕ್ಕದವರಿಗೆ ಮೊದಲು ತೊಡಿಸಿ, ಟೊಪ್ಪಿಗೆ ತೆಗೆಯಬೇಕಾಗುತ್ತದೆ ಸಿಸ್ಟರ್‌ಗಳೇ, ಕ್ಷಮಿಸಿ ಎಂದಳು. ಒಂದಿಬ್ಬರು ನಕ್ಕರು. ಅವಳಿಗೆ ತನ್ನ ಎದೆಬಡಿತ ಮೈಕಿನಲ್ಲಿ ಕೇಳಿಸಿಬಿಡುತ್ತದೆಂದು ಭಯವಾಗಿ ಅದನ್ನು ದೂರ ಹಿಡಿದಳು. ಆಮೇಲೆ ಏನು ಹೇಳುವುದೆಂದು ತೋಚದೆ ಪಕ್ಕೆಲುಬಿನ ಅಂಗಡಿಗಳ ವಿಷಯ ಮತ್ತೆ ಮೊದಲಿನಿಂದ ಶುರು ಮಾಡಿದಳು. ಯಾರೂ ಕೇಳುತ್ತಿರಲಿಲ್ಲ, ಆದರೆ ಯಾರೂ ಓಡಲಿಲ್ಲ.

ಮುಂದಿನ ತುದಿಯಲ್ಲಿ ಕೆಲಸದ ಹುಡುಗರಿಬ್ಬರು ಲಂಗರು ಬಿಟ್ಟರು. ಸರಪಳಿ ಗರಗರನೆ ಇಳಿದು ಹಡಗು ಒಮ್ಮೆ ಜಗ್ಗಿ ನಿಂತಂತಾಯಿತು. ಆಮೇಲೆ ಲಂಗರು ಕೆಸರಿನಿಂದ ಕಿತ್ತು ಬಂದು ಹಡಗು ಮತ್ತೆ ಜಾರತೊಡಗಿತು. ಈಗ ಫೋಟೊ ತೆಗೆಯುತ್ತಿದ್ದವರೂ ಕ್ಯಾಮೆರಾ ಇಳಿಸಿದರು. ಬಿಳಿಯುಡುಪಿನ ಹೆಂಗಸೊಬ್ಬಳು ಬಾಯಿ ಮುಚ್ಚಿಕೊಂಡೇ ಪ್ರಾರ್ಥನೆಯ ರಾಗವೊಂದನ್ನು ಗುನುಗಲು ಶುರು ಮಾಡಿದಳು, ಉಳಿದವರೂ ಕೂಡಿಕೊಂಡರು.

ಕೊಳವೆಯಲ್ಲಿ ಮತ್ತೆ ಕ್ಯಾಪ್ಟನ್ನನ ದನಿ ಬಂತು. ಎಡಗಡೆ ಬಡಿಯಬಹುದು, ಆ ಕಡೆಯವರನ್ನೆಲ್ಲ ಒಳಕ್ಕೆ ತಾ, ನೆಲದ ಮೇಲೆ ಕೂರಿಸು. ಅವಳು ಹೇಳಿದಳು. ಜನ ಒಬ್ಬರ ಕೈ ಒಬ್ಬರು ಹಿಡಿದು ಬಂದರು, ಮೆಟ್ಟಿಲಿನ ಸುತ್ತ ಕುಕ್ಕರಿಸಿದರು. ಆಗ ನೋಡಿದರೆ ಎಡಗಡೆಯ ಕಂಬಿಯಲ್ಲಿ ಐಜೋರಾ ಪೀಬಲ್ಸ್ ಒಬ್ಬಳೇ ಉಳಿದಿದ್ದಳು. ಎರಡೂ ತೋಳುಗಳಿಂದ ಕಂಬಿಯನ್ನು ತಬ್ಬಿ, ಕಣ್ಣು ಬಿಟ್ಟುಕೊಂಡು, ಹತ್ತಿರವಾಗುತ್ತಿದ್ದ ಕಲ್ಲುಕಂಬವನ್ನೇ ನೋಡುತ್ತಿದ್ದಳು. ಅವಳ ಜೊತೆಯವರು ಕೂಗಿ ಕರೆದರು. ಅವಳಿಗೆ ಕೇಳಿಸಲಿಲ್ಲ. ಕೆಲಸದ ಹುಡುಗರಿಬ್ಬರೂ ಲಂಗರಿನ ಹತ್ತಿರ ಇದ್ದರು. ಕರೆತರಲು ಬೇರೆ ಯಾರೂ ಇರಲಿಲ್ಲ.

ಕಂಬದಿಂದ ಕಂಬಿಗೆ ಹದಿನೈದು ಹೆಜ್ಜೆ. ವರ್ನೀಸ್ ಮೈಕನ್ನು ನೆಲದ ಮೇಲಿಟ್ಟಳು. ಮೊಣಕಾಲೂರಿ, ಅಂಗೈಯೂರಿ, ಮಗುವಿನಂತೆ ಅಂಬೆಗಾಲಿಟ್ಟು ಹೊರಟಳು. ಹಲಗೆಯ ಸಂದಿನಲ್ಲಿ ಕೆಳಗಿನ ಅಂತಸ್ತು ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ನೀರಿನ ವಾಸನೆ ಬಂತು, ಹಸಿಮಣ್ಣಿನ, ಕೊಳೆತ ಎಲೆಯ ವಾಸನೆ, ವುಲ್ಫ್ ನದಿಯ ದಡದಲ್ಲಿ ಅಂದು ಇದ್ದ ಅದೇ ವಾಸನೆ. ಅವಳು ಅಲ್ಲೇ ನಿಂತುಬಿಟ್ಟಳು. ಹಿಂದಕ್ಕೆ ಹೋಗಬೇಕೆಂದೇ ಅನ್ನಿಸಿತು. ನಿಜವಾಗಿ ಒಂದು ಮೊಣಕಾಲು ಹಿಂದಕ್ಕೆ ಸರಿಸಿಯೂ ಇದ್ದಳು, ಇದನ್ನು ಆಮೇಲೆ ಅವಳೇ ಹೇಳಿಕೊಂಡಳು. ಆದರೆ ಹಿಂದೆ ಕೂತ ಎಂಬತ್ತು ಜನ ಅವಳನ್ನೇ ನೋಡುತ್ತಿದ್ದರು. ಅವಳು ಮುಂದಕ್ಕೆ ಹೋದಳು.

ಕಂಬಿ ಮುಟ್ಟಿದಾಗ ತಲೆ ಎತ್ತಿದಳು. ಹದಿನಾರು ವರ್ಷದಲ್ಲಿ ಮೊದಲ ಸಲ ನೀರು ಕಣ್ಣಿನ ನೇರಕ್ಕೆ ಬಂತು. ಅದು ಹರಿಯುತ್ತಿರಲಿಲ್ಲ, ಸುರುಳಿ ಸುರುಳಿಯಾಗಿ ಒಳಗಿನಿಂದ ಮೇಲಕ್ಕೆ ಕುದಿಯುತ್ತಿತ್ತು. ಅವಳು ಮುದುಕಿಯ ತೋಳು ಹಿಡಿದಳು. ಅದು ಕಬ್ಬಿಣದಂತೆ ಬಿಗಿದಿತ್ತು.

“ಸಿಸ್ಟರ್ ಪೀಬಲ್ಸ್, ಬಿಡಿ. ಒಳಗೆ ಹೋಗೋಣ.”

ಮುದುಕಿ ತಿರುಗದೆಯೇ ಕೇಳಿದಳು, “ಮಗಳೇ, ನಿಂಗೆ ಈಜು ಬರತ್ತಾ?”

ಆ ಪ್ರಶ್ನೆಗೆ ವರ್ನೀಸ್ ಹದಿನಾರು ವರ್ಷದ ಹಿಂದೆ ಬರೆದ ಉತ್ತರ ಒಂದಿತ್ತು. “ಬರಲ್ಲಮ್ಮ,” ಎಂದಳು.

“ನಂಗೂ ಬರಲ್ಲ.” ಐಜೋರಾ ಈಗ ಅವಳ ಮುಖ ನೋಡಿದಳು. “ಹಂಗಾದ್ರೆ ನೀನ್ಯಾಕೆ ಬಂದೆ ಇಲ್ಲಿಗೆ, ಹುಚ್ಚಿ?”

“ನೀವು ಬರ್ಲಿಲ್ವಲ್ಲ, ಅದಕ್ಕೆ.”

ಮುದುಕಿಯ ಬಾಯಿಯ ಮೂಲೆ ಸ್ವಲ್ಪ ಅಲುಗಿತು. ಒಂದು ಕೈ ಸಡಿಲವಾಯಿತು, ಆಮೇಲೆ ಇನ್ನೊಂದು. ಇಬ್ಬರೂ ನೆಲದ ಮೇಲೆ ಕೂತೇ ಹಿಂದಕ್ಕೆ ಜರುಗತೊಡಗಿದರು. ವರ್ನೀಸ್ ಅವಳ ಬಿಳಿ ಉಡುಪಿನ ಬೆನ್ನು ಹಿಡಿದು ಎಳೆಯುತ್ತಿದ್ದಳು, ಮುದುಕಿ ಹಿಮ್ಮಡಿಯಿಂದ ಒದೆಯುತ್ತಿದ್ದಳು. ಆ ಹೊತ್ತಿಗೆ ಕೆಳಗಿನಿಂದ ಒಂದು ಕೆಮ್ಮು ಕೇಳಿಸಿತು, ಇನ್ನೊಂದು ಕೆಮ್ಮು, ಆಮೇಲೆ ಎರಡು ಇಂಜಿನ್ನುಗಳಲ್ಲಿ ಒಂದು ಹೊಗೆ ಉಗುಳುತ್ತಾ ಎದ್ದಿತು. ಅಲಾಂಜೊ ಇಂಜಿನ್ ಕೋಣೆಗೆ ನುಗ್ಗಿದ್ದ ಸೊಂಟದವರೆಗಿನ ನೀರಿನಲ್ಲಿ ನಿಂತು ಅದನ್ನು ಎಬ್ಬಿಸಿದ್ದ. ಚುಕ್ಕಾಣಿ ಇನ್ನೂ ಸಿಕ್ಕಿಕೊಂಡೇ ಇತ್ತು. ಕ್ಯಾಪ್ಟನ್ ಆ ಒಂದೇ ಇಂಜಿನ್ನನ್ನು ಹಿಂದಕ್ಕೆ ಓಡಿಸಿ ಹಡಗನ್ನು ಅಡ್ಡಡ್ಡಲಾಗಿ ಎಳೆದ.

ಸೇತುವೆಯ ನೆರಳು ಮೇಲೆ ಬಿತ್ತು. ತಂಪಾಯಿತು. ಮೇಲೆ ರೈಲೊಂದು ತನ್ನ ಪಾಡಿಗೆ ಹೋಗುತ್ತಿತ್ತು. ಹಡಗಿನ ನಡುಭಾಗ ಕಲ್ಲುಕಂಬವನ್ನು ತಪ್ಪಿಸಿಕೊಂಡಿತು, ಹಿಂಭಾಗ ತಪ್ಪಿಸಿಕೊಳ್ಳಲಿಲ್ಲ. ಬಡಿದ ಹೊಡೆತಕ್ಕೆ ಕೂತವರೆಲ್ಲ ಒಬ್ಬರ ಮೇಲೊಬ್ಬರು ಉರುಳಿದರು. ಕಬ್ಬಿಣ ಹರಿಯುವ ಕಿರುಚಾಟ ಹಿಂದಿನಿಂದ ಮುಂದಕ್ಕೆ ಬಂತು. ಎಡಗಡೆಯ ಕಂಬಿ, ಬೆಂಚು, ಬೆಂಚಿನ ಮೇಲೆ ಉಳಿದಿದ್ದ ಒಂದು ಕೈಚೀಲ, ಎಲ್ಲವೂ ಸೀಳಿಕೊಂಡು ನೀರಿಗೆ ಹೋದವು. ಅದಾದ ಮೇಲೆ ಬೆಳಕು. ಮೂರೂ ಸೇತುವೆಗಳು ಹಿಂದೆ ಉಳಿದಿದ್ದವು.

ಇನ್ನೂ ಎರಡು ಮೈಲಿ ಕೆಳಗೆ ಸರಕು ದೋಣಿಗಳನ್ನು ತಳ್ಳುವ ಒಂದು ದೊಡ್ಡ ಇಂಜಿನ್ ಹಡಗು ಬಂದು ಮಿಸ್ ಕಾರ್ಡೇಲಿಯಾದ ಪಕ್ಕೆಗೆ ಮೂಗು ಕೊಟ್ಟು ದಡಕ್ಕೆ ಒತ್ತಿತು. ಒಬ್ಬಳ ಮಣಿಕಟ್ಟು ಮುರಿದಿತ್ತು, ಒಬ್ಬನ ಹಣೆ ಒಡೆದಿತ್ತು. ಸತ್ತವರು ಯಾರೂ ಇಲ್ಲ. ಇಳಿಯುವಾಗ ಐಜೋರಾ ಪೀಬಲ್ಸ್, ತನ್ನ ಕೈಚೀಲದಲ್ಲಿ ಹೊಸ ಹಲ್ಲಿನ ಸೆಟ್ಟಿತ್ತೆಂದೂ ಅದನ್ನು ಯಾವ ಬೆಕ್ಕುಮೀನು ಹಾಕಿಕೊಂಡು ತಿರುಗುತ್ತದೋ ಎಂದೂ ಹೇಳಿದಳು. ನಗಬೇಕೆಂದು ಬಾಯಿ ತೆರೆದ ವರ್ನೀಸ್ ಹಾಗೇ ಬಾಗಿ, ದಡದ ಹುಲ್ಲಿನ ಮೇಲೆ ಬೆಳಗಿನದೆಲ್ಲ ಕಾರಿಕೊಂಡಳು.

ದಡದಲ್ಲಿ ಟಿವಿಯವರು ಕಾದಿದ್ದರು. ಅವಳು ಮುಖಕ್ಕೆ ಕೈ ಅಡ್ಡ ಹಿಡಿದುಕೊಂಡು ಹಾದುಹೋದಳು, ಆದರೆ ಸಿಸ್ಟರ್ ಪೀಬಲ್ಸ್ ಕ್ಯಾಮೆರಾದ ಮುಂದೆ ನಿಂತು, ವರ್ನೀಸ್ ಟಾಲಿವರ್ ಎಂಬ ಹೆಸರನ್ನು ಅಕ್ಷರ ಬಿಡಿಸಿ ಬಿಡಿಸಿ ಹೇಳುತ್ತಿದ್ದದ್ದು ಅವಳಿಗೆ ಕೇಳಿಸಿತು. ಆಗ ಹುಟ್ಟಿದ ಹೆದರಿಕೆ ಸೇತುವೆಯ ಹೆದರಿಕೆಗಿಂತ ಕಡಿಮೆಯದಲ್ಲ. ಆರು ಗಂಟೆಯ ವಾರ್ತೆಯನ್ನು ಓಲಾ ಮೇ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಬಸ್ಸಿಳಿದು ಮನೆಗೆ ಬರುವಾಗ ಆರೂಮುಕ್ಕಾಲು. ಜಗಲಿಯ ದೀಪ ಹಾಕಿರಲಿಲ್ಲ. ಟಿವಿ ಆರಿಸಿತ್ತು. ಓಲಾ ಮೇ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದಳು, ಎದುರಿಗೆ ಬೆಣ್ಣೆಯವರೆಯ ಪಾತ್ರೆ ತಣ್ಣಗಾಗಿತ್ತು. ಎಪ್ಪತ್ನಾಲ್ಕು ವರ್ಷದ, ಆಸ್ಪತ್ರೆಯ ಬಟ್ಟೆ ಒಗೆದು ಒಗೆದು ಗಂಟುಗಟ್ಟಿದ ಬೆರಳುಗಳು ಮೇಜಿನಂಚನ್ನು ಹಿಡಿದಿದ್ದವು. ವರ್ನೀಸ್ ಬಾಗಿಲಲ್ಲೇ ನಿಂತಳು. ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ.

ತಾಯಿ ಕುರ್ಚಿ ತೋರಿಸಿದಳು. “ಮೂವತ್ನಾಕು ವರ್ಷ ಆಯ್ತು. ಒಂದು ಮಾತು ನಿನ್ನ ಕೇಳ್ಬೇಕು ಅಂತ ಇದ್ದೆ. ಕೇಳೋಕೆ ಹೆದರಿಕೆ ಆಗ್ತಿತ್ತು.”

ವರ್ನೀಸ್ ಕೂತಳು. ಯಾವ ಮಾತೆಂದು ಅವಳಿಗೆ ಗೊತ್ತಿತ್ತು.

“ಅವ್ನು ಕೂಗಿದ್ನಾ?”

ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷ ಫ್ಯಾನು, ಟೆಕ್ಸಸ್‌ನವರು ಎಂದು ಹೇಳಿದ ಬಾಯಿ ಅದು. “ಕೂಗ್ದ ಮಮ್ಮ. ನಿನ್ನಲ್ಲ. ನನ್ನ. ಎರಡು ಸಲ. ನಾನು ಮೊಣಕಾಲು ತನಕ ಇಳ್ದೆ, ಆಮೇಲೆ ವಾಪಸ್ ಬಂದ್ಬಿಟ್ಟೆ.”

ಓಲಾ ಮೇ ಎದ್ದು ಒಲೆಯ ಕಡೆ ತಿರುಗಿದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಒಲೆ ಹಚ್ಚಿ ಅವರೆಯ ಪಾತ್ರೆ ಇಟ್ಟಳು, ಚಮಚ ಹುಡುಕಿದಳು, ಸಿಕ್ಕ ಚಮಚವನ್ನು ಮತ್ತೆ ಅಲ್ಲೇ ಇಟ್ಟಳು.

“ಇನ್ನೊಂದು ಹೆಜ್ಜೆ ಇಟ್ಟಿದ್ರೆ ಎರಡು ಹೆಣದ ಪೆಟ್ಟಿಗೆ ಕೊಳ್ಬೇಕಿತ್ತು ನಾನು,” ಎಂದಳು. “ವಾಪಸ್ ಬಂದಿದ್ದು ತಪ್ಪು ಅಂತ ತಲೇಲಿ ಇಟ್ಕೊಂಡಿದ್ಯಾ ಇಷ್ಟು ವರ್ಷ? ಪೆದ್ದಿ. ಕೂತ್ಕೊ. ಊಟ ಮಾಡು.”

ಅಷ್ಟೆ. ಇಬ್ಬರೂ ಊಟ ಮಾಡಿದರು. ಆದರೆ ಬೆಳಿಗ್ಗೆ ವರ್ನೀಸ್ ಎದ್ದಾಗ ತಾಯಿ ಭಾನುವಾರದ ಟೊಪ್ಪಿಗೆ ಹಾಕಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಆ ಹಡಗನ್ನು ತೋರಿಸು ಎಂದಳು.

ನದಿದಡದ ಕಲ್ಲುಹಾಸಿನ ಮೇಲೆ ಓಲಾ ಮೇ ಬಂದು ನಿಂತದ್ದು ಮೂವತ್ನಾಲ್ಕು ವರ್ಷದಲ್ಲಿ ಅದೇ ಮೊದಲು. ರಾತ್ರಿ ಎಳೆದು ತಂದು ಕಟ್ಟಿದ್ದ ಹಡಗಿನ ಪಕ್ಕೆ ಸೀಳಿ ನೇತಾಡುತ್ತಿತ್ತು. ಅವಳು ಮಗಳ ತೋಳನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ನೀರಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ನಿಂತು, ಅದಕ್ಕಿಂತ ಮುಂದೆ ಬರುವುದಿಲ್ಲ ಎಂದಳು. ಕ್ಯಾಪ್ಟನ್ ಹಾರ್ಗಿಸ್ ಟೊಪ್ಪಿಗೆ ತೆಗೆದು ಹತ್ತಿರ ಬಂದ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿದ್ದವು. ಅವನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

“ನೀನೇನಾ ಡ್ರೈವರು?”

“ಹೌದಮ್ಮ, ಕ್ಯಾಪ್ಟನ್.”

“ಈಜು ಬರದೆ ಇರೋಳನ್ನ ಹದಿನಾರು ವರ್ಷ ನೀರಿನ ಮೇಲೆ ನಿಲ್ಲಿಸಿದೀಯ. ನಿಂಗೆ ಗೊತ್ತಿತ್ತಾ?”

ಗೊತ್ತಿರಲಿಲ್ಲವೆಂದು ಅವನು ವರ್ನೀಸ್‌ಳ ಕಡೆ ನೋಡಿದ. ವರ್ನೀಸ್ ಕಲ್ಲು ನೋಡಿದಳು. ಓಲಾ ಮೇ ಇಬ್ಬರನ್ನೂ ದಿಟ್ಟಿಸಿ, ಸುಳ್ಳುಗಾತಿ ತನ್ನ ಮಗಳೇ ಆದ್ದರಿಂದ ಅವನನ್ನು ಬೈಯಲು ಮನಸ್ಸಾಗುತ್ತಿಲ್ಲ ಎಂದಳು. ಆಮೇಲೆ ಅವನ ಕೈ ಹಿಡಿದು ಒಂದು ಸಲ ಕುಲುಕಿ, ಬಸ್ಸಿನ ಕಡೆ ಹೊರಟಳು.

ಹಡಗು ರಿಪೇರಿಯಾಗುವಷ್ಟರಲ್ಲಿ ಜುಲೈ ತಿಂಗಳು ಬಂತು. ವರ್ನೀಸ್ ಕೆಲಸ ಬಿಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು, ಅವಳೂ ಹಾಗೇ ಅಂದುಕೊಂಡಿದ್ದಳು. ಮನೆಯಿಂದ ನಾಲ್ಕು ಬೀದಿ ಆಚೆ ಮತ್ತೆ ತೆರೆದಿದ್ದ ಈಜುಕೊಳದಲ್ಲಿ ದೊಡ್ಡವರಿಗೆ ಕಲಿಸುತ್ತಾರೆಂದು ಕೇಳಿ ಎರಡು ದಿನ ಹೋಗಿಬಂದಳು. ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು ನಿಂತಳು. ಮುಖ ಅದ್ದು ಎಂದಾಗ ಆಗಲಿಲ್ಲ. ಎರಡನೆಯ ದಿನವೂ ಆಗಲಿಲ್ಲ. ಮೂರನೆಯ ದಿನ ಹೋಗಲಿಲ್ಲ. ಈಜು ಅವಳಿಗೆ ಕೊನೆಯವರೆಗೂ ಬರಲಿಲ್ಲ.

ಆದರೆ ಹಡಗಿಗೆ ಹೋದಳು. ಬೇರೆ ಕೆಲಸ ಸಿಗದ್ದಕ್ಕೋ, ಮೈಕಿಲ್ಲದೆ ಮಧ್ಯಾಹ್ನಗಳು ಸಾಗದ್ದಕ್ಕೋ, ಅವಳಿಗೇ ತಿಳಿಯಲಿಲ್ಲ. ಮೊದಲ ದಿನ ಸೇತುವೆಗಳು ಕಾಣುತ್ತಿದ್ದಂತೆ ಮಾತು ನಿಂತುಹೋಗಿ ಅಲಾಂಜೊ ಮೇಲೆ ಬಂದು ಅವಳ ಪಕ್ಕದಲ್ಲಿ ನಿಲ್ಲಬೇಕಾಯಿತು. ಅಂದಿನಿಂದ ಅವಳು ಹಡಗು ಹತ್ತುವಾಗಲೇ ಕಿತ್ತಳೆ ಜಾಕೆಟ್ ತೊಟ್ಟು ಬಕ್ಕಲು ಬಿಗಿದುಕೊಳ್ಳುತ್ತಿದ್ದಳು. ಮುಚ್ಚುಮರೆಯಿಲ್ಲ. ಬಂದವರು ನಕ್ಕು ಕೇಳಿದರೆ ತನಗೆ ಈಜು ಬರುವುದಿಲ್ಲ, ನೀರು ಕಂಡರೆ ಭಯ ಎಂದು ಮೈಕಿನಲ್ಲೇ ಹೇಳುತ್ತಿದ್ದಳು. ಆಗ ನಗುವವರು ಕಡಿಮೆಯಾಗುತ್ತಿದ್ದರು, ಕೆಲವರು ತಾವೂ ಬೆಂಚಿನ ಕೆಳಗೆ ಕೈಹಾಕಿ ನೋಡುತ್ತಿದ್ದರು.

ಹೀಗೆ ಇನ್ನೂ ಆರು ವರ್ಷ ಕಳೆಯಿತು. ಭಯ ಹೋಗಲಿಲ್ಲ, ಒಂದು ದಿನವೂ ಹೋಗಲಿಲ್ಲ. ಓಲಾ ಮೇಗೂ ಹೋಗಲಿಲ್ಲ. ಹಡಗು ದಡ ಮುಟ್ಟುವ ಹೊತ್ತಿಗೆ ಸರಿಯಾಗಿ ಟಿಕೆಟ್ ಗೂಡಿನ ಫೋನು ಬಡಿದುಕೊಳ್ಳುತ್ತಿತ್ತು. ಗೂಡಿನ ಹುಡುಗಿಗೆ ಯಾರೆಂದು ಗೊತ್ತಿರುತ್ತಿತ್ತು, ಎತ್ತದೆ ಹಾಗೇ ಬಿಡುತ್ತಿದ್ದಳು. ವರ್ನೀಸ್ ಜಾಕೆಟ್ ಬಿಚ್ಚಲೂ ನಿಲ್ಲದೆ ಕಲ್ಲುಹಾಸಿನ ಮೇಲೆ ಏದುಸಿರು ಬಿಡುತ್ತಾ ಹತ್ತಿ ಬಂದು ಫೋನ್ ಎತ್ತುತ್ತಿದ್ದಳು.

“ಇಳ್ದೆ ಮಮ್ಮ,” ಎನ್ನುತ್ತಿದ್ದಳು.

“ಎರಡೂ ಕಾಲು ನೆಲದ ಮೇಲಿದ್ಯಾ?” ಎಂದು ಆ ಕಡೆಯಿಂದ ತಾಯಿ ಕೇಳುತ್ತಿದ್ದಳು.